ಅಣು ಅನುಕರಣೆಯ ದತ್ತಾಂಶಗಳು: ಹಂಚಿಕೆಯ ಚರಿತ್ರೆಯ ಒಂದು ಅಧ್ಯಾಯ

ವಿಜ್ಞಾನದ ಚರಿತ್ರೆಕಾರರು ಗಣಕಗಳ ವೇಗಕ್ಕೆ ಕೊಡುವ ಗಮನವನ್ನು ಆ ಗಣಕಗಳು ಹೊರಗೆಡಹಿದ ದತ್ತಾಂಶಗಳ ಗತಿಗೆ ಕೊಡುವುದಿಲ್ಲ. ಅಣುಗಳ ಚಲನೆಯನ್ನು ಗಣಕದಲ್ಲಿ ಅನುಕರಿಸುವ ವಿದ್ಯೆಯ ಮಟ್ಟಿಗೆ ಈ ಎರಡನೆಯ ವಿಷಯವೇ ಹೆಚ್ಚು ವಿಚಾರಾರ್ಹವಾದುದು.

ಮೆಕ್ಯಾಮನ್, ಗೆಲಿನ್ ಮತ್ತು ಕಾರ್ಪ್ಲಸ್ ಅವರು 1977ರಲ್ಲಿ 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನೊಂದರ ಚಲನೆಯನ್ನು ಗಣಿಸಿ ಪ್ರಕಟಿಸಿದರು. ಅದರ ಅವಧಿ ಹತ್ತು ಪಿಕೋಸೆಕೆಂಡಿಗಿಂತಲೂ ಕಡಿಮೆ. ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗ. 1998ರಲ್ಲಿ ಡುವಾನ್ ಮತ್ತು ಕೋಲ್ಮನ್ ಒಂದು ಮೈಕ್ರೋಸೆಕೆಂಡನ್ನು ಮುಟ್ಟಿದರು. ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯನ್ನು ಅವಲಂಬಿಸುವುದರಿಂದ ಕಾಲದ ತುಣುಕುಗಳನ್ನು ಬೇರೆ ಬೇರೆ ಗಣಕಗಳಿಗೆ ಹಂಚಿಕೊಡುವಂತಿಲ್ಲ. 2000ದಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜಯ್ ಪಾಂಡೆಯವರ ತಂಡ ಆರಂಭಿಸಿದ 'ಫೋಲ್ಡಿಂಗ್ ಅಟ್ ಹೋಮ್' ಇದಕ್ಕೆ ಬೇರೊಂದು ಉಪಾಯ ಹೂಡಿತು: ಒಂದು ದೀರ್ಘ ಅನುಕರಣೆಗೆ ಬದಲಾಗಿ ಸಾವಿರಾರು ಸ್ವತಂತ್ರ ಕಿರು ಅನುಕರಣೆಗಳು, ಅವುಗಳನ್ನು ನಡೆಸಲು ಸ್ವಯಂಸೇವಕರ ಮನೆಗಣಕಗಳು. ಶಾಸ್ತ್ರೀಯಾರ್ಥದಲ್ಲಿ ಇದು ಗ್ರಿಡ್ ಅಲ್ಲ. ಆದರೆ ಗಣನ ಸಾಮರ್ಥ್ಯವನ್ನು ಹಂಚಿಕೊಳ್ಳಬಹುದೆಂಬುದನ್ನು ಸಂಶಯವಿಲ್ಲದಂತೆ ತೋರಿಸಿತು. ಸಿ-ಡ್ಯಾಕ್ ಸಂಸ್ಥೆಯು ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು ಕಟ್ಟಿದ 'ಗರುಡ' ಗ್ರಿಡ್ ಕೂಡ ಅದೇ ದಶಕದ್ದು.

ದತ್ತಾಂಶದ ಕಥೆ ಬೇರೆ. ಪ್ರೋಟೀನುಗಳ ರಚನೆಗಳಿಗೆ ಬ್ರೂಕ್‌ಹೇವನ್‌ನಲ್ಲಿ 1971ರಷ್ಟು ಹಿಂದೆಯೇ, ಕೇವಲ ಏಳು ರಚನೆಗಳೊಡನೆ, ಸಾರ್ವಜನಿಕ ಭಂಡಾರವೊಂದು ತೆರೆದಿತ್ತು. ರಚನೆಯು ನಿಶ್ಚಲಚಿತ್ರ, ಅನುಕರಣೆಯ ಫಲವಾದರೋ ಲಕ್ಷಾಂತರ ಚಿತ್ರಗಳ ಸರಣಿ. ಆಂಬರ್, ಚಾರ್ಮ್, ಗ್ರೋಮ್ಯಾಕ್ಸ್ ಮೊದಲಾದ ತಂತ್ರಾಂಶಗಳು ಅದನ್ನು ತಮ್ಮ ತಮ್ಮ ರೂಪದಲ್ಲಿ ಬರೆದಿಡುತ್ತವೆ. ಪರಮಾಣುಗಳ ಸ್ಥಾನಗಳಷ್ಟೇ ಸಾಲದು. ಬಳಸಿದ ಬಲಸೂತ್ರಗಳು, ಉಷ್ಣತೆ, ನೀರಿನ ಮಾದರಿ ಇವೆಲ್ಲ ತಿಳಿಯದಿದ್ದರೆ ಆ ಅಂಕೆಗಳು ನಿರರ್ಥಕ. ಹೀಗಾಗಿ ತಿಂಗಳುಗಟ್ಟಲೆ ಗಣಿಸಿದ ಫಲಗಳು ಬಹುಪಾಲು ಆಯಾ ಪ್ರಯೋಗಾಲಯದ ತಟ್ಟೆಗಳಲ್ಲೇ ಉಳಿದವು. ಪ್ರಕಟವಾದ ತೀರ್ಮಾನವನ್ನು ಮತ್ತೊಬ್ಬರು ಪರೀಕ್ಷಿಸಬೇಕೆಂದರೆ ಎಲ್ಲವನ್ನೂ ಮೊದಲಿನಿಂದ ಗಣಿಸಬೇಕಾಗಿತ್ತು.

ಈ ಕೊರತೆಯನ್ನು ನೇರವಾಗಿ ಎದುರಿಸಿದ್ದು ಬ್ರಿಟನ್ನಿನ 'ಬಯೋಸಿಮ್‌ಗ್ರಿಡ್'. ಆಕ್ಸ್‌ಫರ್ಡ್‌ನ ಮಾರ್ಕ್ ಸ್ಯಾನ್ಸಮ್, ಸೌತಾಂಪ್ಟನ್ನಿನ ಜೊನಾಥನ್ ಎಸೆಕ್ಸ್ ಮೊದಲಾದವರು ಅದನ್ನು ರೂಪಿಸಿದರು. ಹಲವು ವಿಶ್ವವಿದ್ಯಾಲಯಗಳಲ್ಲಿ ಹರಡಿದ ದತ್ತಾಂಶವು ಬಳಕೆದಾರನಿಗೆ ಒಂದೇ ಸಂಚಯವಾಗಿ ಕಾಣಬೇಕು. ಯಾವ ತಂತ್ರಾಂಶದಿಂದ ಹುಟ್ಟಿದ್ದಾದರೂ ಪೈಥಾನ್ ಭಾಷೆಯ ಒಂದೇ ವಿಶ್ಲೇಷಣ ಕ್ರಮಕ್ಕೆ ಒಗ್ಗಬೇಕು ಎಂಬುದು ಅದರ ವಿನ್ಯಾಸ. 2004ರ ಅವರ ಲೇಖನವು ವಿಶ್ವವ್ಯಾಪಿ ಭಂಡಾರದ ಗುರಿಯನ್ನು ಶೀರ್ಷಿಕೆಯಲ್ಲೇ ಸಾರಿತ್ತು. 2007ರಲ್ಲಿ ಮೂರು ಕಿಣ್ವಗಳ ಮತ್ತು ಒಂದು ಸಾಗಣೆ ಪ್ರೋಟೀನಿನ ಸಕ್ರಿಯ ತಾಣಗಳನ್ನು ಈ ಸಂಚಯದ ಮೂಲಕ ಹೋಲಿಸಿ ನೋಡಿದ ಅಧ್ಯಯನವೂ ಹೊರಬಂತು. ತೌಲನಿಕ ವಿಧಾನವು ಅನುಕರಣೆಯ ಕ್ಷೇತ್ರಕ್ಕೂ ಸಲ್ಲುತ್ತದೆಂಬುದಕ್ಕೆ ಅದು ಒಳ್ಳೆಯ ನಿದರ್ಶನ.

ಆದರೂ ವಿಶ್ವವ್ಯಾಪಿ ಭಂಡಾರ ಆ ಯೋಜನೆಯಿಂದ ಕೈಗೂಡಲಿಲ್ಲ. ತಾಂತ್ರಿಕ ಸೋಲು ಇದಕ್ಕೆ ಕಾರಣವೆಂದು ನನಗೆ ತೋರುವುದಿಲ್ಲ. ಯೋಜನೆಯ ಅನುದಾನ ಕಟ್ಟುವುದಕ್ಕೆ ದೊರೆಯುತ್ತದೆ, ಕಟ್ಟಿದ್ದನ್ನು ಕಾಯುವುದಕ್ಕೆ ದೊರೆಯುವುದು ಕಷ್ಟ. ಗ್ರಂಥಾಲಯಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಜೊತೆಗೆ, ದತ್ತಾಂಶವನ್ನು ಒಪ್ಪಿಸಿದವರಿಗೆ ಅದರಿಂದ ದೊರೆಯುವ ಮನ್ನಣೆಯೂ ಅತ್ಯಲ್ಪವಾಗಿತ್ತು.

2020ರ ಕೋವಿಡ್ ಕಾಲದಲ್ಲಿ ಫೋಲ್ಡಿಂಗ್ ಅಟ್ ಹೋಮ್‌ಗೆ ಸ್ವಯಂಸೇವಕರ ಗಣಕಗಳು ಹಿಂದೆಂದೂ ಕಾಣದ ಪ್ರಮಾಣದಲ್ಲಿ ಬಂದು ಸೇರಿದವು. ಅದೇ ವರ್ಷ ರೋಮಿ ಅಮಾರೊ ಮತ್ತು ಏಡ್ರಿಯನ್ ಮುಲ್‌ಹಾಲಂಡ್ ಅವರು ಕೋವಿಡ್ ಸಂಬಂಧದ ಅನುಕರಣ ದತ್ತಾಂಶಗಳನ್ನು ಮುಕ್ತವಾಗಿ ಹಂಚಿಕೊಳ್ಳುವಂತೆ ಸಂಶೋಧಕ ಸಮುದಾಯದ ಪರವಾಗಿ ಪತ್ರವೊಂದನ್ನು ಪ್ರಕಟಿಸಬೇಕಾಯಿತು.