ಸೂರ್ಯನ ಹೆದ್ದಾರಿಯಲ್ಲಿ ಒಂದು ತಿಂಗಳು

ಪ್ಯಾರಿಸ್‌ನಿಂದ ಮೆಡಿಟರೇನಿಯನ್ ಸಮುದ್ರದ ದಡದ ಮಾರ್ಸೇಲ್‌ಗೆ ಸುಮಾರು 800 ಕಿಲೋಮೀಟರ್ ದಾರಿ. ಬೆಳಿಗ್ಗೆ ಕಾಫಿ ಕುಡಿದು ಕಾರು ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ತಲುಪಬಹುದು. 1982ರಲ್ಲೂ ಹಾಗೆಯೇ ಇತ್ತು. ಆದರೆ ಆ ವರ್ಷದ ಮೇ 23ರ ಭಾನುವಾರ ಪ್ಯಾರಿಸ್ ಬಿಟ್ಟ ಒಂದು ಕೆಂಪು ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ಮಾರ್ಸೇಲ್ ಮುಟ್ಟಿದ್ದು ಒಂದು ತಿಂಗಳಾದ ಮೇಲೆ. ಗಾಡಿ ಕೆಟ್ಟಿರಲಿಲ್ಲ, ದಾರಿ ತಪ್ಪಿರಲಿಲ್ಲ, ಮುಷ್ಕರವೂ ಇರಲಿಲ್ಲ. ಅದರಲ್ಲಿದ್ದ ಗಂಡ ಹೆಂಡತಿ ಬೇಕೆಂದೇ ಹಾಗೆ ಹೋಗಿದ್ದರು.

ಗಂಡ ಹೂಲಿಯೊ ಕೊರ್ತಾಸರ್, ಅರ್ಜೆಂಟೀನಾದ ಹೆಸರಾಂತ ಕಥೆಗಾರ. ಆಗ ಅವರಿಗೆ 67 ವರ್ಷ. ಹೆಂಡತಿ ಕ್ಯಾರೊಲ್ ಡನ್‌ಲಪ್, ಲೇಖಕಿ, ಅನುವಾದಕಿ, ಛಾಯಾಗ್ರಾಹಕಿ. ಆಕೆಗೆ 36. ಈ ಪ್ರಯಾಣದ ಕಥೆಯನ್ನು ಸಾಮಾನ್ಯವಾಗಿ ಕೊರ್ತಾಸರ್ ಅವರ ಬದುಕಿನ ಒಂದು ಅಧ್ಯಾಯ ಎಂಬಂತೆ ಹೇಳುವುದುಂಟು. ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಯಲ್ಲಿ ಅದನ್ನು ಇಬ್ಬರ ಕಥೆಯಾಗಿ ನೋಡೋಣ ಎನ್ನುವುದು ನನ್ನ ಆಸೆ. ಯಾಕೆಂದರೆ ಆ ಪ್ರಯಾಣದಿಂದ ಹುಟ್ಟಿದ ಪುಸ್ತಕದ ಮೇಲೆ ಇಬ್ಬರ ಹೆಸರೂ ಇದೆ.

ಮೊದಲು ದಾರಿಯ ಕಥೆ. ಪ್ಯಾರಿಸ್‌ನಿಂದ ಲಿಯೋನ್ ಮೂಲಕ ಮಾರ್ಸೇಲ್‌ಗೆ ಹೋಗುವ ಹೆದ್ದಾರಿಗೆ ಫ್ರೆಂಚರು ಇಟ್ಟ ಹೆಸರು 'ಸೂರ್ಯನ ಹೆದ್ದಾರಿ'. ಪ್ಯಾರಿಸ್‌ನ ದಕ್ಷಿಣಕ್ಕೆ ಅದರ ಮೊದಲ ಭಾಗ ತೆರೆದದ್ದು 1960ರಲ್ಲಿ, ಮಾರ್ಸೇಲ್‌ವರೆಗೆ ಪೂರ್ತಿಯಾದದ್ದು 1970ರಲ್ಲಿ. ಇಂಥದ್ದೊಂದು ರಸ್ತೆ ಬೇಕಾದದ್ದು ರಜೆಯಿಂದ. 1936ರಲ್ಲಿ ಫ್ರಾನ್ಸಿನ ಕೆಲಸಗಾರರಿಗೆ ಸಂಬಳಸಹಿತ ರಜೆ ಕಾನೂನಾಗಿ ಬಂತು, ವರ್ಷಕ್ಕೆ ಎರಡು ವಾರ. 1956ರಲ್ಲಿ ಅದು ಮೂರು ವಾರವಾಯಿತು, 1969ರಲ್ಲಿ ನಾಲ್ಕು, 1982ರಲ್ಲಿ ಐದು. ಜುಲೈ, ಆಗಸ್ಟ್ ಬಂತೆಂದರೆ ಉತ್ತರದ ಮೋಡಗಳಿಂದ ತಪ್ಪಿಸಿಕೊಂಡು ಜನ ಒಮ್ಮೆಗೇ ದಕ್ಷಿಣದ ಬಿಸಿಲಿಗೆ ನುಗ್ಗುತ್ತಿದ್ದರು. ವಾಹನದ ಸಾಲು ಎಷ್ಟು ಉದ್ದವಾಗುತ್ತಿತ್ತೆಂದರೆ, ಯಾವ ದಿನ ಹೊರಡಬಾರದು, ಯಾವ ಬದಲಿ ದಾರಿ ಹಿಡಿಯಬೇಕು ಎಂದು ಜನರಿಗೆ ಹೇಳಲು ಸರ್ಕಾರವೇ 1976ರಲ್ಲಿ ಒಂದು ಸೂಚನಾ ವ್ಯವಸ್ಥೆ ಮಾಡಬೇಕಾಯಿತು.

ಇದೇ ದಾರಿಯಲ್ಲಿ ಮತ್ತೊಂದು ಬಗೆಯ ಜನರೂ ಇದ್ದರು. ಫ್ರಾನ್ಸಿನ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುತ್ತಿದ್ದ ಅಲ್ಜೀರಿಯಾ, ಟ್ಯುನೀಶಿಯಾದವರು. ವರ್ಷಕ್ಕೊಮ್ಮೆ ಕಾರಿನ ತಲೆಯ ಮೇಲೆ ಗಂಟುಮೂಟೆ ಕಟ್ಟಿ, ಮಕ್ಕಳನ್ನು ಹಿಂದೆ ಒತ್ತಿ ಕೂರಿಸಿ, ಮಾರ್ಸೇಲ್‌ನಲ್ಲಿ ಹಡಗು ಹಿಡಿದು ಊರಿಗೆ ಹೋಗುತ್ತಿದ್ದರು. ಮುಂಬಯಿಯ ನಮ್ಮ ಹಿರಿಯರಿಗೆ ಈ ಚಿತ್ರ ಹೊಸದಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡುವ ಮೊದಲು ಮೇ ತಿಂಗಳ ರಜೆಗೆ ಮಂಗಳೂರು, ಉಡುಪಿಯ ಬಸ್ಸು ಹತ್ತಿ ಒಂದು ರಾತ್ರಿ ಮತ್ತು ಹಗಲಿನ ದೊಡ್ಡ ಪಾಲು ಕಳೆದವರಿಗೆ, ಊರು ತಲುಪುವುದೇ ಮುಖ್ಯ, ದಾರಿ ಬರೀ ಸಹಿಸಿಕೊಳ್ಳುವ ವಸ್ತು ಎನ್ನುವುದು ಗೊತ್ತು.

ಇನ್ನು ಗಾಡಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಬೆನ್ ಪೋನ್ ಎಂಬ ಡಚ್ ವ್ಯಾಪಾರಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಹೋದಾಗ ತನ್ನ ಪುಸ್ತಕದಲ್ಲಿ ಪೆಟ್ಟಿಗೆಯಂಥ ಒಂದು ವ್ಯಾನಿನ ಗೀಟುಚಿತ್ರ ಬರೆದರು. 1950ರಲ್ಲಿ ಅದು ತಯಾರಾಗತೊಡಗಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಅದರೊಳಗೆ ಇಡಬಹುದಾದ 'ಕ್ಯಾಂಪಿಂಗ್ ಪೆಟ್ಟಿಗೆ' ಮಾಡಿತು. ಹಗಲು ಕೂರುವ ಸೀಟು ರಾತ್ರಿ ಹಾಸಿಗೆ, ಬೀರುವಿನೊಳಗೆ ಒಲೆ. ಹೋಟೆಲಿಗೆ ದುಡ್ಡಿಲ್ಲದ ಶಿಕ್ಷಕರು, ವಿದ್ಯಾರ್ಥಿಗಳು, ಸಣ್ಣ ಸಂಸಾರಗಳು ಇದರಲ್ಲಿ ಯೂರೋಪಿನ ದಕ್ಷಿಣವನ್ನೆಲ್ಲ ಸುತ್ತಿದವು. ಇಟಲಿ, ಯುಗೊಸ್ಲಾವಿಯ, ಗ್ರೀಸ್, ಸ್ಪೇನ್, ಪೋರ್ಚುಗಲ್. 1960ರಲ್ಲಿ ಸ್ಪೇನಿಗೆ ಬಂದ ವಿದೇಶೀಯರು ಸುಮಾರು 60 ಲಕ್ಷ. 1973ಕ್ಕೆ ಆ ಸಂಖ್ಯೆ ಮೂರು ಕೋಟಿ ದಾಟಿತ್ತು. ಆ ಕಾಲದಲ್ಲಿ ಸ್ಪೇನಿನಲ್ಲಿ ಫ್ರಾಂಕೊ ಆಳುತ್ತಿದ್ದ, ಪೋರ್ಚುಗಲ್‌ನಲ್ಲಿ 1974ರವರೆಗೆ ಸರ್ವಾಧಿಕಾರ, ಗ್ರೀಸಿನಲ್ಲಿ 1967ರಿಂದ 1974ರವರೆಗೆ ಸೇನೆಯ ಆಡಳಿತ. ಬಿಸಿಲಿಗೆ ಬಂದವರಲ್ಲಿ ಎಷ್ಟೋ ಜನ ಇದನ್ನು ನೋಡಿಯೂ ನೋಡದಂತೆ ಸಮುದ್ರಸ್ನಾನ ಮಾಡಿ ಹೋದರು.

ಕೊರ್ತಾಸರ್ ಹಾಗೆ ನೋಡದೆ ಇರುವವರಲ್ಲ. 1914ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿ, ಅರ್ಜೆಂಟೀನಾದಲ್ಲಿ ಬೆಳೆದು, 1951ರಲ್ಲಿ ಪ್ಯಾರಿಸ್‌ಗೆ ಬಂದವರು. ಯುನೆಸ್ಕೊದಲ್ಲಿ ಅನುವಾದದ ಕೆಲಸ ಮಾಡಿ ಹೊಟ್ಟೆ ಹೊರೆದವರು. 1976ರಲ್ಲಿ ಅರ್ಜೆಂಟೀನಾದಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ತಾಯ್ನಾಡಿನ ಬಾಗಿಲು ಅವರಿಗೆ ಮುಚ್ಚಿದಂತೆಯೇ ಆಯಿತು. ತಮಾಷೆಯೆಂದರೆ, ಇದೇ ಹೆದ್ದಾರಿಯ ಬಗ್ಗೆ ಅವರು 1966ರಲ್ಲೇ ಒಂದು ಕಥೆ ಪ್ರಕಟಿಸಿದ್ದರು. ದಕ್ಷಿಣದಿಂದ ಪ್ಯಾರಿಸ್‌ಗೆ ಮರಳುವ ವಾಹನಗಳು ಸಾಲುಗಟ್ಟಿ ನಿಂತುಬಿಡುತ್ತವೆ. ಗಂಟೆಗಳು ದಿನಗಳಾಗುತ್ತವೆ, ಋತು ಬದಲಾಗುತ್ತದೆ. ಅಪರಿಚಿತರು ನೀರು, ಅನ್ನ ಹಂಚಿಕೊಂಡು ಒಂದು ಪುಟ್ಟ ಊರಿನಂತಾಗುತ್ತಾರೆ. ಕೊನೆಗೆ ಸಾಲು ಹೊರಟಾಗ ಎಲ್ಲರೂ ಚದುರಿಹೋಗುತ್ತಾರೆ. ಅದರಲ್ಲಿ ನಿಲ್ಲುವುದು ಒಂದು ಶಿಕ್ಷೆ. 1982ರಲ್ಲಿ ಕೊರ್ತಾಸರ್ ದಂಪತಿ ಆ ನಿಲ್ಲುವುದನ್ನೇ ಆಯ್ದುಕೊಂಡರು.

ಕ್ಯಾರೊಲ್ ಅಮೆರಿಕದಲ್ಲಿ ಹುಟ್ಟಿ, ಕೆನಡಾಕ್ಕೆ ಹೋಗಿ, ಅಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆಯತೊಡಗಿದವರು. ಕೊರ್ತಾಸರ್ ಅವರನ್ನು ಕಂಡದ್ದು 1977ರಲ್ಲಿ, ಕೆನಡಾದಲ್ಲಿ. ಆಗಲೇ ಮೊದಲ ಮದುವೆಯಿಂದ ಒಬ್ಬ ಮಗನಿದ್ದ. 1981ರಲ್ಲಿ ಇಬ್ಬರೂ ಮದುವೆಯಾದರು. ಹುಟ್ಟಿದ ನಾಡು ಬಿಟ್ಟು, ಇನ್ನೊಂದು ಭಾಷೆಯಲ್ಲಿ ಮನೆ ಕಟ್ಟಿಕೊಂಡ ಇಬ್ಬರು, ಮೂರನೆಯ ನಾಡಿನಲ್ಲಿ ಜೊತೆಯಾದರು ಎನ್ನಬಹುದು. ಹೊರನಾಡ ಕನ್ನಡಿಗರಾದ ನಮಗೆ ಇದರ ರುಚಿ ಸ್ವಲ್ಪ ಗೊತ್ತು.

ಪ್ರಯಾಣದ ಯೋಚನೆ ಕೆಲವು ವರ್ಷಗಳಿಂದ ಇತ್ತು. ಕೆಲಸ, ಸಭೆಗಳು, ಕಾಯಿಲೆ ಒಂದಾದ ಮೇಲೊಂದು ಅಡ್ಡ ಬರುತ್ತಲೇ ಇದ್ದವು. 1981ರ ಬೇಸಿಗೆಯಲ್ಲಿ ಕೊರ್ತಾಸರ್ ತೀವ್ರ ರಕ್ತಸ್ರಾವದಿಂದ ಆಸ್ಪತ್ರೆ ಸೇರಿ ಉಳಿದು ಬಂದಿದ್ದರು. ಇನ್ನು ಮುಂದೂಡುವುದು ಬೇಡ ಎಂದು ಇಬ್ಬರೂ ಕೂತು ನಿಯಮ ಬರೆದರು. ಒಂದು, ಪ್ಯಾರಿಸ್‌ನಿಂದ ಮಾರ್ಸೇಲ್‌ವರೆಗೆ ಒಮ್ಮೆಯೂ ಹೆದ್ದಾರಿ ಬಿಟ್ಟು ಹೊರಗೆ ಹೋಗಕೂಡದು. ಎರಡು, ದಾರಿಯ ಪ್ರತಿಯೊಂದು ತಂಗುದಾಣದಲ್ಲೂ ನಿಲ್ಲಬೇಕು, ದಿನಕ್ಕೆ ಎರಡರಂತೆ, ಎರಡನೆಯದರಲ್ಲಿ ರಾತ್ರಿ ಮಲಗಬೇಕು. ಮೂರು, ಪ್ರತಿ ತಂಗುದಾಣವನ್ನೂ ವಿಜ್ಞಾನಿಗಳಂತೆ ಪರಿಶೀಲಿಸಿ ಬರೆದಿಡಬೇಕು. ನಾಲ್ಕು, ಹಳೆಯ ಕಾಲದ ಮಹಾಯಾತ್ರಿಕರ ಹಾಗೆ ಒಂದು ಪುಸ್ತಕ ಬರೆಯಬೇಕು. ಹೆದ್ದಾರಿಯಲ್ಲಿ ಅಷ್ಟು ದಿನ ಇರುವ ಹಾಗಿರಲಿಲ್ಲ. ಅದಕ್ಕೆ ಅನುಮತಿ ಕೋರಿ ಮೊದಲೇ ಒಂದು ಪತ್ರ ಹಾಕಿದರು. ಉತ್ತರ ಬರಲಿಲ್ಲ. ಹೊರಟೇಬಿಟ್ಟರು.

ವ್ಯಾನಿಗೆ ಫಾಫ್ನರ್ ಎಂದು ಹೆಸರು, ವಾಗ್ನರ್‌ನ ಸಂಗೀತ ನಾಟಕದಲ್ಲಿ ನಿಧಿ ಕಾಯುವ ಡ್ರ್ಯಾಗನ್‌ನ ಹೆಸರು ಅದು. ಒಳಗೆ ನೀರಿನ ತೊಟ್ಟಿ, ಹಾಸಿಗೆಯಾಗುವ ಸೀಟು, ರೇಡಿಯೊ, ಟೈಪ್‌ರೈಟರ್, ಪುಸ್ತಕಗಳು. ಹೊರಗೆ ಹಾಕಿಕೊಳ್ಳಲು ಹೂವಿನ ಬಟ್ಟೆಯ ಎರಡು ಮಡಚುವ ಕುರ್ಚಿ. ಅವುಗಳ ಅಂದಕ್ಕೆ ಬೇಸತ್ತು 'ಹೂವಿನ ಘೋರಗಳು' ಎಂದೇ ಕರೆದರು. ಅವರಿಬ್ಬರಿಗೂ ಅಡ್ಡಹೆಸರು: ಆತ ತೋಳ, ಆಕೆ ಪುಟ್ಟ ಕರಡಿ. ತಾಜಾ ತರಕಾರಿ, ಹಣ್ಣು ಮುಗಿದಾಗ ಗೆಳೆಯರು ಹೆದ್ದಾರಿಗೇ ತಂದು ಕೊಟ್ಟರು.

ಹೀಗೆ 60ಕ್ಕೂ ಹೆಚ್ಚು ತಂಗುದಾಣ. ಕೆಲವು ಕಡೆ ಪೆಟ್ರೋಲ್ ಬಂಕು, ಅಂಗಡಿ, ಹೋಟೆಲು. ಕೆಲವು ಕಡೆ ಮರ, ಮೇಜು, ಶೌಚಾಲಯ ಬಿಟ್ಟರೆ ಏನೂ ಇಲ್ಲ. ಎಲ್ಲರೂ ಹತ್ತು ನಿಮಿಷ ನಿಂತು ಓಡುವ ಜಾಗದಲ್ಲಿ ಇವರು ಅರ್ಧ ದಿನ, ಒಂದು ರಾತ್ರಿ ಕೂತರು. ದಿನಚರಿಯಲ್ಲಿ ಬೆಳಗಿನ ತಿಂಡಿ ಏನು, ಮಧ್ಯಾಹ್ನ ಏನು, ಎಷ್ಟು ಗಂಟೆಗೆ ಹೊರಟದ್ದು, ಬಿಸಿಲು ಎಷ್ಟು, ಫಾಫ್ನರ್ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು, ಎಲ್ಲವೂ ಇದೆ. ಲಾರಿ ಚಾಲಕರು, ಪ್ರವಾಸಿಗಳು, ಮರ, ಹುಳು, ಕಸದ ಡಬ್ಬಿ ಕೂಡ ಇವೆ. ಛಾಯಾಚಿತ್ರಗಳಿವೆ. ದಾರಿಯುದ್ದಕ್ಕೂ ಈ ವಿಚಿತ್ರ ಜೋಡಿಯನ್ನು ಮತ್ತೆ ಮತ್ತೆ ನೋಡಿ ಬೆರಗಾಗುವ ಒಬ್ಬ ತಾಯಿ ತನ್ನ ಮಗನಿಗೆ ಬರೆಯುವ ಕಾಲ್ಪನಿಕ ಕಾಗದಗಳೂ ಇವೆ. ತಂಗುದಾಣಗಳ ನಕ್ಷೆಗಳನ್ನು ಆಮೇಲೆ ಬರೆದುಕೊಟ್ಟದ್ದು ಕ್ಯಾರೊಲ್ ಅವರ ಮಗ, ಆಗಿನ್ನೂ ಹುಡುಗ.

ಓದುವಾಗ ನಗು ಬರುತ್ತದೆ. ಆದರೆ ನಗುವಿನ ಕೆಳಗೆ ಒಂದು ಗಟ್ಟಿ ಮಾತಿದೆ. ಹೆದ್ದಾರಿಯನ್ನು ಕಟ್ಟಿದ್ದು ಜನರಿಗೆ ಸಮಯ ಉಳಿಸಿಕೊಡಲು. ಉಳಿದ ಆ ಸಮಯ ಎಲ್ಲಿ ಹೋಯಿತು? ಒಂದೇ ರಸ್ತೆಯಲ್ಲಿ ಕೆಲವರು ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾಗ, ಅದರ ಪಕ್ಕದಲ್ಲೇ, ಮರದ ನೆರಳಲ್ಲಿ, ಇನ್ನೊಂದು ಬಗೆಯ ಕಾಲವನ್ನು ಇವರು ಕಂಡುಕೊಂಡರು. ಫೋನ್ ಇಲ್ಲ, ಸಭೆ ಇಲ್ಲ, ಮನೆಗೆ ಬಂದುಹೋಗುವವರಿಲ್ಲ. ಇಬ್ಬರಿಗೂ ಬರೆಯಲು, ಓದಲು, ಒಬ್ಬರನ್ನೊಬ್ಬರು ನೋಡಲು ಒಂದು ತಿಂಗಳು ಸಿಕ್ಕಿತು. ಮಾರ್ಸೇಲ್ ಬಂದಾಗ ಗೆದ್ದ ಸಂತೋಷಕ್ಕಿಂತ ಮುಗಿಯಿತಲ್ಲ ಎಂಬ ಬೇಸರವೇ ಹೆಚ್ಚಾಗಿತ್ತು.

ಪ್ರಯಾಣ ಮುಗಿಸಿ ಇಬ್ಬರೂ ನಿಕರಾಗುವಕ್ಕೆ ಹೋದರು. 1979ರ ಕ್ರಾಂತಿಯ ನಂತರದ ಆ ಬಡ ದೇಶಕ್ಕೆ ತಮ್ಮ ಕೈಲಾದಷ್ಟು ನೆರವಾಗುವುದು ಅವರಿಗೆ ಮುಖ್ಯವಾಗಿತ್ತು. ಅಲ್ಲಿನ ಮಕ್ಕಳ ಛಾಯಾಚಿತ್ರಗಳ ಒಂದು ಪುಸ್ತಕವನ್ನು ಕ್ಯಾರೊಲ್ ಮಾಡುತ್ತಿದ್ದರು. ಅಲ್ಲಿಯೇ ಆಕೆಯ ಆರೋಗ್ಯ ಕುಸಿಯಿತು. ಪ್ಯಾರಿಸ್‌ಗೆ ಮರಳಿ, 1982ರ ನವೆಂಬರ್ 2ರಂದು ತೀರಿಕೊಂಡರು. ಹೆದ್ದಾರಿಯ ಪ್ರಯಾಣ ಮುಗಿದು ಐದು ತಿಂಗಳೂ ಆಗಿರಲಿಲ್ಲ.

ಪುಸ್ತಕ ಅರ್ಧಕ್ಕೆ ನಿಂತಿತ್ತು. ಕ್ಯಾರೊಲ್ ತಮ್ಮ ಪಾಲನ್ನು ಫ್ರೆಂಚ್‌ನಲ್ಲಿ ಬರೆದಿದ್ದರು. ಸ್ಪ್ಯಾನಿಷ್ ಆವೃತ್ತಿಗಾಗಿ ಕೊರ್ತಾಸರ್ ಆಕೆಯ ಪುಟಗಳನ್ನು ಒಂದೊಂದಾಗಿ ಅನುವಾದಿಸಿದರು, ಜೀವಮಾನವಿಡೀ ಕಲಿತ ಅನುವಾದದ ಕೆಲಸ ಕೊನೆಗೆ ಇದಕ್ಕೆ ಒದಗಿತು. ಆಕೆಯ ಮಾತುಗಳನ್ನು ತಮ್ಮ ಮಾತಿನಲ್ಲಿ ಕರಗಿಸಿ ಒಂದೇ ಹೆಸರಿನಲ್ಲಿ ಪ್ರಕಟಿಸಿದ್ದರೆ ಆಗ ಕೇಳುವವರು ಹೆಚ್ಚಿರುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಕೊನೆಯಲ್ಲಿ ಡಿಸೆಂಬರ್ 1982ರ ಒಂದು ಅನುಬಂಧ ಸೇರಿಸಿ, ಇದು ಇಬ್ಬರ ಪುಸ್ತಕ, ಒಬ್ಬಳು ಈಗಿಲ್ಲ ಎಂದು ಓದುಗರಿಗೆ ನೇರವಾಗಿ ತಿಳಿಸಿದರು. 1983ರಲ್ಲಿ ಪುಸ್ತಕ ಸ್ಪ್ಯಾನಿಷ್ ಮತ್ತು ಫ್ರೆಂಚ್ ಎರಡರಲ್ಲೂ ಬಂತು. ಅದರ ಗೌರವಧನ ನಿಕರಾಗುವದ ಜನರಿಗೆ ಹೋಯಿತು. ಆಕೆಯ ಮಕ್ಕಳ ಚಿತ್ರಗಳ ಪುಸ್ತಕವೂ ಅದೇ ವರ್ಷ ಅಲ್ಲಿಯೇ ಪ್ರಕಟವಾಯಿತು. 1984ರ ಫೆಬ್ರುವರಿ 12ರಂದು ಕೊರ್ತಾಸರ್ ಕೂಡ ಹೊರಟುಹೋದರು. ಪ್ಯಾರಿಸ್‌ನ ಮೋಂಪಾರ್ನಾಸ್ ಸ್ಮಶಾನದಲ್ಲಿ ಇಬ್ಬರಿಗೂ ಒಂದೇ ಸಮಾಧಿ. ಇಂಗ್ಲಿಷ್ ಓದುಗರಿಗೆ ಈ ಪುಸ್ತಕ ಸಿಕ್ಕಿದ್ದು 2007ರಲ್ಲಿ, ಆನ್ ಮೆಕ್ಲೀನ್ ಎಂಬ ಅನುವಾದಕಿಯಿಂದ.

ಗೆಳತಿಯರೇ, ನಮ್ಮಲ್ಲಿ ಎಷ್ಟೋ ಜನರ ಬದುಕಿನಲ್ಲಿ 'ಆಮೇಲೆ' ಎನ್ನುವ ಒಂದು ಪಟ್ಟಿ ಇರುತ್ತದೆ. ಮಕ್ಕಳ ಪರೀಕ್ಷೆ ಮುಗಿಯಲಿ, ಯಜಮಾನರು ನಿವೃತ್ತರಾಗಲಿ, ಅತ್ತೆಯವರ ಕಾಲುನೋವು ಕಡಿಮೆಯಾಗಲಿ. ಪ್ರವಾಸವಿರಲಿ, ಬರೆಯಬೇಕೆಂದುಕೊಂಡ ನಾಲ್ಕು ಪುಟವಿರಲಿ, ಆ ಪಟ್ಟಿಯಲ್ಲೇ ಕಾಯುತ್ತಿರುತ್ತದೆ. ಕ್ಯಾರೊಲ್ ಡನ್‌ಲಪ್ ಹಿಮಾಲಯ ಹತ್ತಲಿಲ್ಲ, ಮರುಭೂಮಿ ದಾಟಲಿಲ್ಲ. ದಿನವೂ ಸಾವಿರಾರು ಜನ ಓಡಾಡುವ ಟೋಲ್ ರಸ್ತೆಯ ಪಕ್ಕದಲ್ಲಿ ಒಂದು ಕೆಟ್ಟ ಹೂವಿನ ಕುರ್ಚಿ ಹಾಕಿಕೊಂಡು ಕೂತು ಬರೆದರು. ಅದಕ್ಕೆ ಬೇಕಾದದ್ದು ಒಂದು ತಿಂಗಳ ಸಮಯ, ಜೊತೆಗೆ ತನ್ನ ಪುಟಗಳನ್ನು ತನ್ನ ಹೆಸರಿನಲ್ಲೇ ಉಳಿಸಿಕೊಡುವ ಒಬ್ಬ ಸಂಗಾತಿ. ಆ ಎರಡೂ ಸಿಕ್ಕಿದ್ದರಿಂದ, 36ನೆಯ ವಯಸ್ಸಿಗೇ ಹೋದ ಆ ಹೆಣ್ಣುಮಗಳ ದನಿ ಇವತ್ತೂ ಓದಲು ಸಿಗುತ್ತದೆ.