ಎದುರಿನವರ ಮಾತು ಮೊದಲು

ನಾವು ದುಡಿಯುವ ಈ ಅರಬ್ ನಾಡುಗಳಲ್ಲಿ ಇಮಾಮ್ ಗಝಾಲಿಯವರ ಹೆಸರು ಕೇಳದವರು ಕಡಿಮೆ. ಒಪ್ಪದ ಮಾತಿಗೆ ಅವರು ಉತ್ತರ ಬರೆದ ರೀತಿ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಈಗಿನ ಇರಾನಿನ ತೂಸ್‌ನಲ್ಲಿ 1058ರ ಸುಮಾರಿಗೆ ಹುಟ್ಟಿದ ಗಝಾಲಿ, 1091ರಲ್ಲಿ ಬಾಗ್ದಾದಿನ ನಿಝಾಮಿಯಾ ವಿದ್ಯಾಲಯದ ಗುರುಗಳಾದರು. ಗ್ರೀಕರಿಂದ ಬಂದು ಇಬ್ನ್ ಸೀನಾ ಬೆಳೆಸಿದ ತತ್ತ್ವಶಾಸ್ತ್ರದ ಹಲವು ಮಾತುಗಳು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಾಗೆಂದು ಕೂಡಲೇ ಖಂಡನೆಗೆ ಇಳಿಯಲಿಲ್ಲ. ಮುನ್ನೂರು ವಿದ್ಯಾರ್ಥಿಗಳ ಪಾಠದ ನಡುವೆ ಸಿಕ್ಕ ಬಿಡುವಿನಲ್ಲಿ, ಎರಡು ವರ್ಷದೊಳಗೆ ಆ ಗ್ರಂಥಗಳನ್ನು ತಾವೇ ಓದಿ, ಮತ್ತೆ ಸುಮಾರು ಒಂದು ವರ್ಷ ಅದನ್ನೇ ಮೆಲುಕು ಹಾಕಿದ್ದಾಗಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಅವರ ‘ಮಕಾಸಿದ್ ಅಲ್ ಫಲಾಸಿಫಾ’ ತತ್ತ್ವಜ್ಞಾನಿಗಳ ವಾದವನ್ನು ಖಂಡಿಸದೆ ವಿವರಿಸುತ್ತದೆ. ‘ತಹಾಫುತ್ ಅಲ್ ಫಲಾಸಿಫಾ’ 20 ವಿಷಯಗಳಲ್ಲಿ ಅದಕ್ಕೆ ಉತ್ತರ ಕೊಡುತ್ತದೆ. ತೀರ್ಪು ಕಠಿಣವೇ, ಆದರೆ ಎದುರಿನವರ ಮಾತನ್ನು ತಿರುಚಿ ಗೆಲ್ಲುವ ದಾರಿ ಅವರು ಹಿಡಿಯಲಿಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲೂ ಮೊದಲು ಪೂರ್ವಪಕ್ಷ, ಆಮೇಲೆ ಸಿದ್ಧಾಂತ ಎಂಬ ಕ್ರಮವಿದೆಯಲ್ಲ, ಹಾಗೆ.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. 12ನೇ ಶತಮಾನದಲ್ಲಿ ಸ್ಪೇನಿನ ತೊಲೆದೊದಲ್ಲಿ ‘ಮಕಾಸಿದ್’ ಲ್ಯಾಟಿನ್‌ಗೆ ಅನುವಾದವಾಯಿತು. ತಾನು ಒಪ್ಪದ ವಾದವನ್ನು ವಿವರಿಸುತ್ತಿದ್ದೇನೆ ಎಂದು ತಿಳಿಸುವ ಮುನ್ನುಡಿ ಹೆಚ್ಚಿನ ಪ್ರತಿಗಳಲ್ಲಿ ಇರಲಿಲ್ಲ. ಯುರೋಪಿನ ಪಂಡಿತರು ಗಝಾಲಿಯನ್ನು ಇಬ್ನ್ ಸೀನಾರ ಅನುಯಾಯಿ ಎಂದೇ ತಿಳಿದರು! ಇನ್ನೊಂದು ಪಂಥದ ವಾದವನ್ನು ಅವರು ವಿವರಿಸಿದಾಗ, ‘ಇದರಿಂದ ಅವರಿಗೇ ಬಲ ಬಂತು’ ಎಂದು ತಮ್ಮವರೇ ಆಕ್ಷೇಪಿಸಿದ್ದರು. ಆ ವಾದ ಈಗಾಗಲೇ ಜನರಲ್ಲಿ ಹರಡಿದೆ, ಅದನ್ನು ಹೇಳದೆ ಉತ್ತರ ಕೊಡುವುದು ಹೇಗೆ ಎಂಬುದು ಗಝಾಲಿಯವರ ಸಮಾಧಾನ.

1180ರ ಸುಮಾರಿಗೆ ಸ್ಪೇನಿನ ಇಬ್ನ್ ರುಶ್ದ್ ‘ತಹಾಫುತ್ ಅಲ್ ತಹಾಫುತ್’ ಬರೆದು ಗಝಾಲಿಗೆ ಉತ್ತರ ಕೊಟ್ಟರು. ಅವರೂ ಗಝಾಲಿಯ ಮಾತುಗಳನ್ನು ಭಾಗಭಾಗವಾಗಿ ಕೊಟ್ಟು, ಅದರ ಕೆಳಗೆ ತಮ್ಮ ಉತ್ತರ ಬರೆದರು. ಹೀಗಾಗಿ ಇಬ್ಬರ ವಾದವೂ ಒಂದೇ ಪುಸ್ತಕದಲ್ಲಿ ಓದಲು ಸಿಗುತ್ತದೆ.

ಆಸ್ಪತ್ರೆಯ ಔಷಧ ವಿಭಾಗದಲ್ಲಿ ನನ್ನ ಕೆಲಸ. ಚೀಟಿಯಲ್ಲಿನ ಪ್ರಮಾಣ ಹೆಚ್ಚೆನಿಸಿದರೆ ವೈದ್ಯರಿಗೆ ಬರೆದು ಕೇಳಬೇಕು. ಮೊದಮೊದಲು ‘ಇದು ತಪ್ಪು’ ಎಂದೇ ಬರೆಯುತ್ತಿದ್ದೆ. ಈಗ ಅವರು ಹಾಗೆ ಬರೆದಿರಬಹುದಾದ ಕಾರಣವನ್ನು ಮೊದಲು ಬರೆದು, ಆಮೇಲೆ ನನ್ನ ಸಂದೇಹ ಬರೆಯುತ್ತೇನೆ. ಕಾರಣ ಹುಡುಕುವಾಗಲೇ ಕೆಲವು ಸಲ ತಪ್ಪು ನನ್ನದೇ ಎಂದು ಗೊತ್ತಾಗಿದೆ. ಇನ್ನು ಕೆಲವು ಸಲ ವೈದ್ಯರು ಪ್ರಮಾಣ ಇಳಿಸಿದ್ದಾರೆ. ಎರಡರಲ್ಲೂ ಒಳ್ಳೆಯದಾದದ್ದು ರೋಗಿಗೆ.