ಧೂಳು, ಡಿಸ್ಕು ಮತ್ತು ಕಾಕಾನ ಉಫ್

ದೀಪಾವಳಿಗೆಂದು ಸೇಡಂಗೆ ಹೋದವನು ಅಪ್ಪನ ಕಾರಿನ ಮುಂದಿನ ಚಕ್ರ ಬಿಚ್ಚಿಕೊಂಡು ಅಂಗಳದಲ್ಲಿ ಕೂತಿದ್ದೆ. ಬ್ರೇಕ್ ಒತ್ತಿದರೆ ತಗಡಿಗೆ ತಗಡು ಉಜ್ಜಿದ ಸದ್ದು. ಪ್ಯಾಡು ಸವೆದಿದೆ ಅಂತ ತಿಳಿಯಲು ಎಂಜಿನಿಯರಿಂಗ್ ಡಿಗ್ರಿ ಏನೂ ಬೇಕಿಲ್ಲ. (ಆ ಡಿಗ್ರಿಯಿಂದ ನಾನು ಮಾಡುವುದು ಸಾಫ್ಟ್‌ವೇರ್ ಕೆಲಸ, ಅದು ಬೇರೆ ಮಾತು.) ನಮ್ಮ ಕಡೆಯ ಎರೆಮಣ್ಣಿನಲ್ಲಿ ಜ್ಯಾಕು ಹೂತುಹೋಗುತ್ತದೆಂದು ಅದರ ಕೆಳಗೊಂದು ಶಹಾಬಾದ್ ಫರಸಿ ಹಾಸಿದ್ದೆ. ಕ್ಯಾಲಿಪರಿನ ಕೆಳಗಿನ ಬೋಲ್ಟು ಬಿಚ್ಚಿ ಮೇಲೆತ್ತಿದೆ. ಹಳೇ ಪ್ಯಾಡು ಹೊರಗೆ ಬಂತು. ಪಿಸ್ಟನ್ ಮಾತ್ರ ಒಳಗೆ ಹೋಗಲು ಸುತಾರಾಂ ಒಪ್ಪಲಿಲ್ಲ.

ಹೊಸ ಪ್ಯಾಡು ದಪ್ಪ, ಹಳೆಯದು ತೆಳು. ಪ್ಯಾಡು ಸವೆದಂತೆಲ್ಲ ಪಿಸ್ಟನ್ ಸ್ವಲ್ಪ ಸ್ವಲ್ಪ ಮುಂದೆ ಬಂದು ನಿಂತಿರುತ್ತದೆ, ಹೊಸದು ಕೂರಬೇಕಾದರೆ ಅದನ್ನು ಪೂರ್ತಿ ಹಿಂದೆ ತಳ್ಳಬೇಕು. ಈ ಪಿಸ್ಟನ್ನನ್ನು ದಿನವೂ ಹಿಂದಕ್ಕೆ ಎಳೆಯುವ ಸ್ಪ್ರಿಂಗು ಎಲ್ಲಿದೆ ಅಂತ ಕಾಲೇಜಿನಲ್ಲಿ ನಾನು ಹುಡುಕಿದ್ದೆ. ಸ್ಪ್ರಿಂಗೇ ಇಲ್ಲ! ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಉಂಗುರ, ಅಷ್ಟೇ. ಬ್ರೇಕ್ ಒತ್ತಿದಾಗ ಅದು ಪಿಸ್ಟನ್ನಿನ ಜೊತೆ ತಿರುಚಿಕೊಳ್ಳುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಪ್ಯಾಡು ಸವೆದಿದ್ದರೆ ಪಿಸ್ಟನ್ ಉಂಗುರದೊಳಗೇ ಜಾರಿ ಹೊಸ ಜಾಗ ಹಿಡಿಯುತ್ತದೆ. ಇಷ್ಟು ಸರಳವಾದದ್ದು ಕೆಡುವುದು ಬಹುಪಾಲು ಒಂದೇ ಕಾರಣಕ್ಕೆ: ಧೂಳು. ಅಪ್ಪ ವರ್ಷಗಟ್ಟಲೆ ಚಿತ್ತಾಪುರದ ಮೇಲೆ ವಾಡಿಗೆ, ಸಿಮೆಂಟ್ ಲಾರಿಗಳ ಹಿಂದೆ ಓಡಾಡಿದ ಕಾರು ಅದು. ಹರಿದ ರಬ್ಬರ್ ಟೊಪ್ಪಿಗೆಯೊಳಗೆ ಬೂದು ಪುಡಿ ನೀರು ಕುಡಿದು ಗಟ್ಟಿಯಾಗಿ ಕೂತಿತ್ತು.

ಡಿಸ್ಕ್ ಬ್ರೇಕಿನ ಇತಿಹಾಸವೇ ಧೂಳಿನ ಜೊತೆಗಿನ ಜಗಳ ಎಂದು ಆಮೇಲೆ ಓದಿದಾಗ ಹೊಳೆಯಿತು. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ಅವನ ಬ್ರೇಕಿನಲ್ಲಿ ಡಿಸ್ಕನ್ನು ಹಿಡಿಯುತ್ತಿದ್ದದ್ದು ತಾಮ್ರ. ಕಿವಿ ಕಿತ್ತುಹೋಗುವ ಕಿರುಚಾಟ ಒಂದು ಕಡೆ, ಆ ಕಾಲದ ಮಣ್ಣು ರಸ್ತೆಯ ಧೂಳು ತಾಮ್ರವನ್ನು ಬೇಗ ಬೇಗ ತಿಂದುಹಾಕುತ್ತಿದ್ದದ್ದು ಇನ್ನೊಂದು ಕಡೆ. ರೈಲಿನವರಿಗೆ ಈ ಗೋಳು ಇರಲಿಲ್ಲ ನೋಡಿ. 1869ರಲ್ಲೇ ವೆಸ್ಟಿಂಗ್‌ಹೌಸ್ ಗಾಳಿ ಒತ್ತಡದ ಬ್ರೇಕು ಮಾಡಿದ್ದ. ಸೇಡಂ, ಚಿತ್ತಾಪುರಗಳ ಮೇಲೆ ಹಾದುಹೋಗುವ ವಾಡಿ-ಸಿಕಂದರಾಬಾದ್ ನಿಜಾಮರ ರೈಲು 1874ಕ್ಕೇ ಬಂತು. ಮೋಟಾರಿಗೆ ಮಾತ್ರ ಮಣ್ಣಿನ ರಸ್ತೆಯೇ ಗತಿ.

ಲ್ಯಾಂಚೆಸ್ಟರನ ಬ್ರೇಕು ಮೂಲೆಗೆ ಬಿತ್ತು, ಎಲ್ಲವನ್ನೂ ಡಬ್ಬಿಯೊಳಗೆ ಮುಚ್ಚಿಡುವ ಡ್ರಮ್ ಬ್ರೇಕು ಗೆದ್ದಿತು. 1949ರಲ್ಲಿ ಅಮೆರಿಕದ ಕ್ರಾಸ್ಲಿ ಕಂಪನಿ ಹಾಟ್ ಶಾಟ್ ಎಂಬ ಪುಟ್ಟ ಕಾರಿಗೆ ಮತ್ತೆ ಡಿಸ್ಕ್ ಹಾಕಿತು. ಅಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪು, ಕೊಳೆ ಸೇರಿ ಬ್ರೇಕು ಜಾಮ್ ಆಗತೊಡಗಿ ಮರುವರ್ಷವೇ ಕೈಬಿಟ್ಟರು. ಅಂದರೆ ನಮ್ಮಂಗಳದಲ್ಲಿ ನಾನು ಕಂಡ ರೋಗವೇ! 1953ರ ಲೆ ಮಾನ್ ರೇಸಿನಲ್ಲಿ ಡನ್ಲಪ್ ಡಿಸ್ಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಗೆದ್ದ ಮೇಲೆಯೇ ಜನ ನಂಬಿದ್ದು. 1955ರಲ್ಲಿ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಚಕ್ರಗಳಿಗೆ ಬಂತು. ನಮ್ಮ ಹಳೇ ಅಂಬಾಸಿಡರುಗಳು ಆಮೇಲೂ ಡ್ರಮ್ಮೇ.

ಆ ಡ್ರಮ್ಮುಗಳಲ್ಲಿ ಜೀವನ ಸವೆಸಿದವರು ನಮ್ಮ ಕಾಕಾ. ಎಪ್ಪತ್ತರ ದಶಕದಿಂದ ಚಿತ್ತಾಪುರದಲ್ಲಿ ಲಾರಿ, ಜೀಪು, ಅಂಬಾಸಿಡರ್ ರಿಪೇರಿ ಮಾಡಿದವರು. ಹಬ್ಬಕ್ಕೆ ಬಂದಿದ್ದವರು ಲುಂಗಿ ಎತ್ತಿ ಕಟ್ಟಿ ನನ್ನ ಪಕ್ಕ ಕೂತರು.

"ಏನ್ ಮಾಡ್ಲತ್ತಿ ತಮ್ಮಾ? ಮ್ಯಾಲಿನ ಎಣ್ಣಿ ಡಬ್ಬಿ ಮುಚ್ಚಳಾ ತಗದೀಯೇನು?"

ತೆಗೆದಿರಲಿಲ್ಲ. ಪಿಸ್ಟನ್ ಹಿಂದೆ ಹೋದರೆ ಅದರ ಹಿಂದಿನ ಎಣ್ಣೆ ಮೇಲಿನ ಡಬ್ಬಿಗೇ ಬರಬೇಕು. ತುಂಬಿದ್ದರೆ ಉಕ್ಕಿ ಬಣ್ಣ ಕಿತ್ತುಹಾಕುತ್ತದೆ. ಸಿರಿಂಜಿನಲ್ಲಿ ಸ್ವಲ್ಪ ಹೀರಿ ತೆಗೆದೆ. ಆಮೇಲೆ ಕಾಕಾ ಕ್ಯಾಲಿಪರನ್ನು ಮುಖದ ಹತ್ತಿರ ತಂದು, ಅಭ್ಯಾಸಬಲದಿಂದ ಉಫ್ ಅಂತ ಊದಿಬಿಟ್ಟರು. ಕರಿ ಪುಡಿ ನಮ್ಮಿಬ್ಬರ ಮುಖಕ್ಕೂ ಹಾರಿತು.

"ಕಾಕಾ, ಊದಬ್ಯಾಡ್ರಿ!" ಎಂದು ನಾನು ಕಿರುಚಿದ್ದು ಅವರಿಗೆ ತಮಾಷೆಯಾಗಿ ಕಂಡಿತು. ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಬ್ರೇಕಿಗೆ ಮೊದಲು ಮೆತ್ತಿದ್ದು ಚರ್ಮ. 1888ರಲ್ಲಿ ಬರ್ತಾ ಬೆಂಜ್ ಗಂಡನ ಮೋಟಾರಿನಲ್ಲಿ ತವರಿಗೆ ಹೊರಟಾಗ ದಾರಿಯಲ್ಲಿ ಚಮ್ಮಾರನೊಬ್ಬನಿಂದ ಬ್ರೇಕಿನ ಕಟ್ಟಿಗೆಗೆ ಚರ್ಮ ಹೊಡೆಸಿದಳಂತೆ. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಗಾಡಿಯವರು ಇಳಿಜಾರಿನಲ್ಲಿ ಹಳೇ ಬೂಟನ್ನು ಚಕ್ರಕ್ಕೆ ಅಡ್ಡ ಒತ್ತುವುದನ್ನು ಹರ್ಬರ್ಟ್ ಫ್ರೂಡ್ ಕಂಡನೆಂದು ಕತೆ. 1897ರಲ್ಲಿ ಅವನು ಶುರುಮಾಡಿದ ಕೆಲಸವೇ ಮುಂದೆ ಫೆರೋಡೊ ಆಯಿತು. ಕೆಲವೇ ವರ್ಷಗಳಲ್ಲಿ ಚರ್ಮ, ಬಟ್ಟೆ ಹೋಗಿ ಆಸ್ಬೆಸ್ಟಾಸ್ ಬಂತು. ಸುಡುವುದಿಲ್ಲ, ಅಗ್ಗ, ನೂಲಿನಂತೆ ನೇಯಬಹುದು. 1924ರಲ್ಲೇ ಡಾಕ್ಟರ್ ವಿಲಿಯಂ ಕುಕ್ ರಾಚ್‌ಡೇಲಿನ ಆಸ್ಬೆಸ್ಟಾಸ್ ಗಿರಣಿಯ ನೆಲ್ಲಿ ಕರ್ಷಾ ಎಂಬ ಹೆಂಗಸಿನ ಸಾವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದ. ಬ್ರಿಟನ್ನಿನಲ್ಲಿ ಪೂರ್ತಿ ನಿಷೇಧ ಬಂದದ್ದು 1999ರಲ್ಲಿ. ಎಪ್ಪತ್ತೈದು ವರ್ಷ!

ನ್ಯಾಯವಾಗಿ ಒಂದು ಮಾತು ಹೇಳಬೇಕು. ಬ್ರೇಕಿನ ಬಿಸಿಗೆ ಆಸ್ಬೆಸ್ಟಾಸಿನ ಹೆಚ್ಚಿನ ಪಾಲು ಬೇರೆ ಖನಿಜವಾಗಿಬಿಡುತ್ತದೆ, ಡ್ರಮ್ಮಿನ ಪುಡಿಯಲ್ಲಿ ಎಳೆಗಳು ಉಳಿಯುವುದು ಕಡಿಮೆ. ಹೊಸ ಲೈನರನ್ನು ಶೂಗೆ ರಿವೆಟ್ ಹೊಡೆದು, ಅಂಚನ್ನು ಅರದಿಂದ ಉಜ್ಜುವಾಗ ಬರುವ ಪುಡಿಯೇ ಹೆಚ್ಚು ಅಪಾಯ. ಕಾಕಾ ಅದನ್ನೂ ಮಾಡಿದ್ದರು, ಮೂವತ್ತು ವರ್ಷ, ಮೂಗಿಗೆ ಒಂದು ಟವೆಲ್ಲೂ ಕಟ್ಟದೆ.

1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಉದ್ಯಮಗಳಿಗೆ ಒಂದು ಆದೇಶ ಕೊಟ್ಟಿತು: ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಒಳ್ಳೆಯ ತೀರ್ಪು. ಆದರೆ ಚಿತ್ತಾಪುರದ ರಸ್ತೆ ಬದಿಯ ತಗಡಿನ ಗ್ಯಾರೇಜಿನಲ್ಲಿ ದಾಖಲೆ ಇಡುವವರು ಯಾರು? ಕಾಕಾಗೆ ಬೀಡಿಯೂ ಇತ್ತು, ಫರಸಿ ಪುಡಿಯೂ ಇತ್ತು, ಸಿಮೆಂಟೂ ಇತ್ತು. ಈ ಕೆಮ್ಮು ಯಾವುದರ ಬಾಬತ್ತು ಅಂತ ಈಗ ಯಾರೂ ಹೇಳಲಾರರು. ಕಲಬುರಗಿಗೆ ಹೋಗಿ ಎದೆ ತೋರಿಸೋಣ ಅಂದೆ. "ಹಬ್ಬ ಮುಗೀಲಿ" ಅಂದರು.

ಪುಡಿಯನ್ನು ಸೋಪಿನ ನೀರಿನಲ್ಲಿ ತೊಳೆದೆ. "ಬ್ರೇಕಿಗೂ ಅಭ್ಯಂಜನ ಮಾಡಸ್ತೀಯೇನೋ?" ಅಂತ ಕಾಕಾಗೆ ಮತ್ತೆ ನಗು. ಹಳೇ ಪ್ಯಾಡನ್ನೇ ಪಿಸ್ಟನ್ನಿಗೆ ಅಡ್ಡವಿಟ್ಟು, ಸಿ-ಕ್ಲಾಂಪನ್ನು ಕಾಲು ಕಾಲು ಸುತ್ತು ತಿರುಗಿಸುತ್ತ ಹೋದೆವು. ಒಂದು ಗಳಿಗೆ ಹಟ ಹಿಡಿದದ್ದು ಆಮೇಲೆ ಬೆಣ್ಣೆಯ ಹಾಗೆ ಒಳಗೆ ಹೋಯಿತು. ಹರಿದ ಟೊಪ್ಪಿಗೆಗೆ ಬದಲಿ ಕಲಬುರಗಿಯಿಂದ ತರಿಸಿ, ಚಕ್ರ ಕೂಡಿಸಿದ್ದು ಮರುದಿನ.

ಎಂಜಿನ್ ಶುರುಮಾಡಿ ಗೇರಿಗೆ ಕೈ ಹಾಕಿದ್ದೆ. ಕಾಕಾ ಕಿಟಕಿಯಿಂದ ನನ್ನ ಭುಜ ಹಿಡಿದರು. "ಮೊದಲ ಪೆಡಲ್ ಒತ್ತು."

ಒತ್ತಿದೆ. ನೆಲಕ್ಕೇ ಹೋಯಿತು. ಪಿಸ್ಟನ್ನುಗಳು ಇನ್ನೂ ಪ್ಯಾಡು ಮುಟ್ಟಿರಲಿಲ್ಲ, ಎದುರಿಗೆ ಅಪ್ಪನ ತುಳಸಿಕಟ್ಟೆ! ಎರಡನೇ ಸಲ ಅರ್ಧ, ನಾಲ್ಕನೇ ಸಲಕ್ಕೆ ಕಲ್ಲಿನಂತೆ ಗಟ್ಟಿ. ಕಾಕಾ ಬಂದು ಪಕ್ಕದ ಸೀಟಿನಲ್ಲಿ ಕೂತರು. ಚಿಂಚೋಳಿ ರಸ್ತೆ ಹಿಡಿದು ಒಂದಷ್ಟು ದೂರ ಹೋಗಿ ಬಂದೆವು. ಕಿಟಕಿ ಏರಿಸಿಕೊಳ್ಳಿರಿ, ಧೂಳು ಬರ್ತದ ಅಂದರೂ ಅವರು ಕೇಳಲಿಲ್ಲ.